ಗೆಲಿಲಿಯೋ ಬೇಡ, ಕಾರಿನೊಳಗಿನ ಆ ಒಂದು ಗಂಟೆ ಕೊಡಿ

ನಮಸ್ಕಾರ.

ನೀವು ನಮ್ಮ ಪತ್ರಿಕೆಗೆ ಕಳಿಸಿದ 'ನಂಬಿಕೆಯ ಕೊನೆಯ ದಿನಗಳು' ಲೇಖನ ಓದಿದೆ. ಈಗಿರುವ ಹಾಗೆ ಇದನ್ನು ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ತಿದ್ದಿ ಕಳಿಸಿದರೆ ಹಾಕಿಕೊಳ್ಳುವ ಆಸೆ ಇದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಸ್ವಲ್ಪ ಖಾರ ಜಾಸ್ತಿ ಆದರೆ ಬೇಜಾರು ಮಾಡಿಕೊಳ್ಳಬೇಡಿ.

ಈ ಉತ್ತರವನ್ನು ಬೇರೆಯವರೂ ಓದುತ್ತಾರೆ. ಹಾಗಾಗಿ ಲೇಖನದಲ್ಲಿ ಏನಿದೆ ಎಂದು ಮೊದಲು ಹೇಳಿಬಿಡುತ್ತೇನೆ. ನೀವು ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆಯವರು. ಚಿಕ್ಕಂದಿನಲ್ಲಿ ಆಲ್ಟರ್ ಬಾಯ್, ಅಂದರೆ ಪೂಜೆಯಲ್ಲಿ ಪಾದ್ರಿಗೆ ನೆರವಾಗುವ ಹುಡುಗ; ಆಮೇಲೆ ಕ್ವಾಯರ್, ಚರ್ಚಿನ ಹಾಡುಗಾರರ ಗುಂಪು. ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದಿರಿ. ಮದುವೆಯಾಯಿತು, ಮಗಳು ಹುಟ್ಟಿದಳು. ನಲವತ್ತರ ಹತ್ತಿರ ಬಂದಾಗ ಒಂದು ಭಾನುವಾರ ಪೂಜೆಯಲ್ಲಿ ಎಲ್ಲರೂ ಎದ್ದು 'ಐ ಬಿಲೀವ್' (ನಾನು ನಂಬುತ್ತೇನೆ) ಎಂದು ವಿಶ್ವಾಸದ ಪ್ರಮಾಣ ಹೇಳಲು ಶುರು ಮಾಡಿದರು. ನಿಮಗೆ ಬಾಯಿ ಬರಲಿಲ್ಲ. ಇಷ್ಟು ಮೊದಲ ಪುಟ. ಅಲ್ಲಿಂದ ಮುಂದೆ ದೇವರು ಯಾಕೆ ಇಲ್ಲ ಎಂಬ ವಾದ. ನಡುವೆ ಅಲ್ಲಲ್ಲಿ ಅಮ್ಮ, ಮಗಳು, ಒಬ್ಬ ಪಾದ್ರಿ ಬಂದು ಹೋಗುತ್ತಾರೆ.

ನನ್ನ ತಕರಾರು ಆ ವಾದದ ಮೇಲೆ. ಭೂಮಿ ಸೂರ್ಯನ ಸುತ್ತ ಸುತ್ತುತ್ತದೆ ಎಂದದ್ದಕ್ಕೆ ಚರ್ಚು ಗೆಲಿಲಿಯೋನ ವಿಚಾರಣೆ ನಡೆಸಿದ್ದು 1633ರಲ್ಲಿ, ಸರಿ. ಲಿಸ್ಬನ್ ಭೂಕಂಪ ಆದದ್ದು 1755ರ ನವೆಂಬರ್ 1ರ ಬೆಳಿಗ್ಗೆ. ಸಕಲ ಸಂತರ ಹಬ್ಬದ ದಿನ, ಜನ ಚರ್ಚುಗಳಲ್ಲಿ ತುಂಬಿದ್ದಾಗಲೇ. ಅದೂ ಸರಿ. ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ತಾನೇಕೆ ಕ್ರೈಸ್ತನಲ್ಲ ಎಂದು 1927ರಲ್ಲಿ ಲಂಡನ್ನಿನಲ್ಲಿ ಮಾಡಿದ ಭಾಷಣದ ಸಾರಾಂಶವನ್ನೂ ಚೆನ್ನಾಗಿಯೇ ಕೊಟ್ಟಿದ್ದೀರಿ. ಆದರೆ ಗೆಲಿಲಿಯೋ ಕಥೆ ಹೈಸ್ಕೂಲಿನಲ್ಲೇ ಗೊತ್ತಿತ್ತು ಎಂದು ನೀವೇ ಬರೆದಿದ್ದೀರಿ. ಹೇಳಿಕೊಟ್ಟವರೂ ಒಬ್ಬ ಪಾದ್ರಿಯೇ. ಆಗ ಅಲ್ಲಾಡದ ನಂಬಿಕೆ ಇಷ್ಟು ವರ್ಷ ಆದ ಮೇಲೆ ಅದೇ ಗೆಲಿಲಿಯೋನಿಂದ ಯಾಕೆ ಅಲ್ಲಾಡಿತು? ಓದುವವರು ಇದನ್ನು ಕೇಳಿಯೇ ಕೇಳುತ್ತಾರೆ. ನಿಮ್ಮ ಬಳಿ ಉತ್ತರ ಇಲ್ಲ. ನನಗೆ ಅನ್ನಿಸುವುದನ್ನು ಹೇಳಲಾ? ನಂಬಿಕೆ ಮೊದಲು ಹೋಯಿತು, ಕಾರಣಗಳನ್ನು ಆಮೇಲೆ ಹುಡುಕಿಕೊಂಡಿರಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ಲೇಖನ ಬರೆಯಬೇಕಾದದ್ದು ಅದು ಹೋದ ಬಗೆಯನ್ನು.

ಪೋರ್ಚುಗೀಸರ ಪ್ಯಾರಾಕ್ಕೆ ಬರೋಣ. 'ನಮ್ಮ ಪೂರ್ವಜರ ಮೇಲೆ ಹೇರಿದ ಧರ್ಮ ಇದು, ಹಾಗಾಗಿ ಅದು ಎಂದೂ ನನ್ನದಾಗಿರಲಿಲ್ಲ' ಎಂದಿದ್ದೀರಿ. ಇದು ಸುಲಭದ ಮಾತು. ಗೋವಾದಲ್ಲಿ ಇನ್‌ಕ್ವಿಸಿಷನ್, ಅಂದರೆ ಧರ್ಮದ್ರೋಹ ವಿಚಾರಿಸುವ ಚರ್ಚಿನ ನ್ಯಾಯಾಲಯ, 1560ರಿಂದ 1812ರವರೆಗೆ, ನಡುವೆ ಸ್ವಲ್ಪ ಕಾಲ ಬಿಟ್ಟರೆ, ನಡೆದೇ ಇತ್ತು. ಕ್ರೈಸ್ತರಾದವರು ಹಳೆಯ ಪದ್ಧತಿ ಬಿಟ್ಟಿಲ್ಲ ಎನ್ನುವುದೇ ಅದರ ದೊಡ್ಡ ದೂರು. ಧೋತಿ ಉಡಬಾರದು, ತುಳಸಿ ನೆಡಬಾರದು ಎಂದೆಲ್ಲ 1736ರಲ್ಲಿ ಆಜ್ಞೆ ಹೊರಡಿಸಿತು. ಅಲ್ಲಿಂದ ಕೆನರಾಕ್ಕೆ, ಅಂದರೆ ನಮ್ಮ ಕರಾವಳಿಗೆ, ಬಂದವರಲ್ಲಿ ಕೆಲವರು ಇದರ ಕಾಟಕ್ಕೆ ಬಂದರು, ಕೆಲವರು ಮರಾಠರ ದಾಳಿಗೆ, ತೆರಿಗೆಗೆ, ಬರಕ್ಕೆ ಹೆದರಿ ಬಂದರು. ಬಂದವರು ಹಳೆಯ ಪದ್ಧತಿಯನ್ನೂ ಬಿಡಲಿಲ್ಲ, ಹೊಸ ದೇವರನ್ನೂ ಬಿಡಲಿಲ್ಲ. ನಿಮ್ಮ ಮದುವೆಯ ಹಿಂದಿನ ದಿನ ರೋಸ್ ಶಾಸ್ತ್ರದಲ್ಲಿ ತಲೆಗೆ ತೆಂಗಿನ ಹಾಲು ಹಚ್ಚಿದರಲ್ಲ, ಅದೂ ಅವರ ಜೊತೆ ಉಳಿದುಕೊಂಡು ಬಂದದ್ದೇ. 1784ರ ವಿಭೂತಿ ಬುಧವಾರ, ಈಸ್ಟರಿಗೆ ಮುಂಚಿನ ಉಪವಾಸ ಶುರುವಾಗುವ ದಿನ, ಟಿಪ್ಪು ಇವರನ್ನೆಲ್ಲ ಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. 1799ರಲ್ಲಿ ಅವನು ಸತ್ತ ಮೇಲೆ ಬದುಕಿ ಉಳಿದವರು ವಾಪಸ್ ಬಂದು, ಕೆಡವಿದ್ದ ಚರ್ಚುಗಳನ್ನು ಮತ್ತೆ ಕಟ್ಟಿದರು. ಹೇರಿದ್ದು ಅಷ್ಟೇ ಆಗಿದ್ದರೆ ಬಿಟ್ಟುಬಿಡಲು ಅದಕ್ಕಿಂತ ಒಳ್ಳೆಯ ಅವಕಾಶ ಇರಲಿಲ್ಲ. ಅವರು ಬಿಡಲಿಲ್ಲ. ನೀವು, ಯಾರೂ ಬೆದರಿಸದೆ, ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತು ಬಿಟ್ಟಿರಿ. ಈ ವ್ಯತ್ಯಾಸದ ಮುಂದೆ ನಿಮಗೆ ಏನನ್ನಿಸುತ್ತದೆ? ಅದನ್ನು ಬರೆಯುವ ಧೈರ್ಯ ಇದ್ದರೆ ಈ ಪ್ಯಾರಾ ಇರಲಿ. ಇಲ್ಲದಿದ್ದರೆ ತೆಗೆಯಿರಿ.

ಮದರ್ ತೆರೇಸಾ ಬಗ್ಗೆ ಬರೆದದ್ದು ತಪ್ಪು. ಅವರು ತೀರಿಕೊಂಡು ಹತ್ತು ವರ್ಷಕ್ಕೆ, 2007ರಲ್ಲಿ, ಅವರ ಖಾಸಗಿ ಪತ್ರಗಳು ಹೊರಬಂದವು. ದಶಕಗಳ ಕಾಲ ದೇವರು ಹತ್ತಿರ ಇದ್ದಾನೆ ಅನ್ನಿಸುತ್ತಲೇ ಇರಲಿಲ್ಲ ಎನ್ನುವುದು ಅವುಗಳಲ್ಲಿದೆ, ನಿಜ. 'ಅವರೂ ನನ್ನ ಹಾಗೆಯೇ' ಎನ್ನುತ್ತೀರಿ. ಅಲ್ಲ. ಅವರು ಅಷ್ಟೂ ವರ್ಷ ಬೆಳಿಗ್ಗೆ ಎದ್ದು ಪ್ರಾರ್ಥನೆಗೆ ಹೋದರು. ನೀವು ಹೋಗುವುದನ್ನು ನಿಲ್ಲಿಸಿದಿರಿ. ದೊಡ್ಡವರನ್ನು ಸಾಕ್ಷಿಗೆ ಕರೆಯುವ ಆತುರದಲ್ಲಿ ಅವರ ಕಥೆಯನ್ನು ನಿಮ್ಮ ಅಳತೆಗೆ ಕತ್ತರಿಸಬಾರದು. ಸತ್ತು ಎದ್ದುಬಂದ ಯೇಸುವಿನ ಗಾಯ ಮುಟ್ಟಿ ನೋಡದೆ ನಂಬುವುದಿಲ್ಲ ಎಂದ ಸಂತ ತೋಮಸರ ಕಥೆಯಾದರೆ ನಿಮ್ಮದೇ. ಈಸ್ಟರ್ ಆದ ಮುಂದಿನ ಭಾನುವಾರ ಪ್ರತಿವರ್ಷ ಅದೇ ವಾಚನ. ಆಲ್ಟರಿನ ಪಕ್ಕ ನಿಂತು ಅದನ್ನು ಕೇಳಿದ ಹುಡುಗನಿಗೆ ಏನನ್ನಿಸಿತ್ತು?

ಈಗ ಪಾದ್ರಿಯ ವಿಷಯ. ಪಾಪನಿವೇದನೆಗೆ ಹೋಗಿ 'ಫಾದರ್, ನನಗೆ ನಂಬಲು ಆಗುತ್ತಿಲ್ಲ' ಎಂದಿರಿ. ಅವರು 'ಪೂಜೆಗೆ ಬರ್ತಾ ಇರು, ಉಳಿದದ್ದು ಆಮೇಲೆ ನೋಡೋಣ' ಎಂದರು. ಇದನ್ನು ಹೊರಗೆ ಹೇಳಬಹುದೇ ಎಂಬ ನಿಮ್ಮ ಅಳುಕು ಬೇಡ. ಗುಟ್ಟು ಕಾಯುವ ಕಟ್ಟು ಪಾದ್ರಿಗೆ, ನಿಮಗಲ್ಲ. ನನ್ನ ಆಕ್ಷೇಪ ಬೇರೆ. ಆ ಮಾತನ್ನು ಒಂದಿಡೀ ಪ್ಯಾರಾ ಲೇವಡಿ ಮಾಡಿದ್ದೀರಿ. ಇಡೀ ಲೇಖನದಲ್ಲಿ ಅನುಭವಸ್ಥರು ಆಡಿದ ಮಾತು ಅಂತ ಇದ್ದರೆ ಅದೊಂದೇ! ಹದಿನೇಳನೇ ಶತಮಾನದಲ್ಲಿ ಫ್ರಾನ್ಸಿನ ಗಣಿತಜ್ಞ, ಚಿಂತಕ ಪಾಸ್ಕಲ್ ಕೂಡ ನಂಬಲಾಗದವರಿಗೆ ಹೆಚ್ಚುಕಡಿಮೆ ಇದನ್ನೇ ಹೇಳಿದ: ತೀರ್ಥ ಮುಟ್ಟಿಕೋ, ಪೂಜೆ ಮಾಡಿಸು, ನಂಬಿಕೆ ಹಿಂದೆ ಬರುತ್ತದೆ. ನೀವು ಒಪ್ಪಬೇಕಿಲ್ಲ. ಆದರೆ ಎದುರಿನವರನ್ನು ದಡ್ಡರನ್ನಾಗಿ ಮಾಡಿ ಗೆದ್ದರೆ ಓದುವವರಿಗೆ ಮಜಾ ಇರುವುದಿಲ್ಲ. ಅವರ ದನಿ ಹೇಗಿತ್ತು, ಜಾಲರಿಯ ಆಚೆ ಎಷ್ಟು ಹೊತ್ತು ಸುಮ್ಮನಿದ್ದರು, ಅದನ್ನೆಲ್ಲ ಬರೆಯಿರಿ.

ಇನ್ನು ನನಗೆ ಇಷ್ಟವಾದದ್ದು. ಏಳನೇ ಪುಟದಲ್ಲಿ ಹೀಗಿದೆ: 'ಅಮ್ಮ ಮಂಡಿನೋವೆಂದು ಕುರ್ಚಿಯಲ್ಲಿ ಕೂತು ತೆರ್ಸ್ ಹೇಳುತ್ತಿದ್ದರು. ನಾನು ಪಕ್ಕದಲ್ಲಿ ಮೊಣಕಾಲೂರಿದ್ದೆ. ನಂಬುವವರು ಕುರ್ಚಿಯಲ್ಲಿ, ನಂಬದವನು ನೆಲದ ಮೇಲೆ!' ಮೊದಲೆರಡು ವಾಕ್ಯ ಬಂಗಾರ. ಮೂರನೆಯದನ್ನು ಹೊಡೆದುಹಾಕಿ. ಅದು ನಮಗೇ ಕಾಣುತ್ತದೆ, ನೀವು ಬೆರಳಿಟ್ಟು ತೋರಿಸಬೇಕಿಲ್ಲ. ಮತ್ತೆ ಜಪಮಾಲೆಗೆ ಇಲ್ಲಿ ಮಾತ್ರ 'ತೆರ್ಸ್' ಎಂದು ಮನೆಯ ಮಾತು ಬಂದಿದೆ. ಬೇರೆ ಕಡೆಯೆಲ್ಲ 'ಜಪಮಾಲೆಯ ಪ್ರಾರ್ಥನಾವಿಧಿ' ಅಂತೆ. ಯಾರ ಮನೆಯಲ್ಲಿ ಹಾಗೆ ಹೇಳುತ್ತಾರೆ?

ಒಂಬತ್ತನೇ ಪುಟ: 'ಈ ಸಲ ಮೊಂತಿ ಫೆಸ್ತ್‌ಗೆ ಊರಿಗೆ ಹೋಗಲಿಲ್ಲ. ಅಮ್ಮ ಹೊಸ ಭತ್ತದ ಕಾಳನ್ನು ಲಕೋಟೆಯಲ್ಲಿ ಹಾಕಿ ಕಳಿಸಿದರು.' ಅಷ್ಟೇ! ಮುಂದಿನ ಸಾಲಿಗೆ ಪ್ರಾಚೀನ ರೋಮಿನ ಸುಗ್ಗಿ ದೇವತೆಗಳು ಬಂದುಬಿಟ್ಟರು. ಸ್ವಾಮಿ, ಆ ಕಾಳನ್ನು ಏನು ಮಾಡಿದಿರಿ? ಹಾಲಿಗೆ ಹಾಕಿದಿರಾ? ಡ್ರಾಯರಿನಲ್ಲಿ ಬಿಟ್ಟಿರಾ? ಹೆಂಡತಿ ಏನೆಂದರು? ನಮ್ಮ ಓದುಗರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಅವರಿಗಾಗಿ ನಾಲ್ಕು ಸಾಲು ಬರೆಯಿರಿ: ಮೊಂತಿ ಫೆಸ್ತ್ ಅಂದರೆ ಸೆಪ್ಟೆಂಬರ್ 8, ಮಾತೆ ಮರಿಯಮ್ಮನ ಹುಟ್ಟುಹಬ್ಬ, ಅದಕ್ಕೆ ಮೊದಲು ಮಕ್ಕಳು ದಿನಾ ಹೂ ಒಯ್ದು ಅರ್ಪಿಸುತ್ತಾರೆ, ಹಬ್ಬದ ದಿನ ಚರ್ಚಿನಲ್ಲಿ ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ, ಕಾಳು ಸುಲಿದು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಹಾಕಿ ಹಿರಿಯರು ಎಲ್ಲರಿಗೂ ಕೊಡುತ್ತಾರೆ, ಮೀನು ಮಾಂಸ ಇಲ್ಲದ ಬಾಳೆ ಎಲೆ ಊಟ. ಕರಾವಳಿಯ ಹಿಂದೂ ಮನೆಗಳಲ್ಲೂ ತೆನೆ ಕಟ್ಟುತ್ತಾರೆ, ಹೊಸ ಅಕ್ಕಿ ಊಟ ಮಾಡುತ್ತಾರೆ. ಓದುವವರು ತಾವಾಗಿಯೇ ಒಳಗೆ ಬರುತ್ತಾರೆ. ದೇವರನ್ನು ನಂಬದವನ ಕೈಯಲ್ಲಿ ಅಮ್ಮ ಕಳಿಸಿದ ಭತ್ತದ ಕಾಳು. ರೋಮ್ ಯಾಕೆ ಬೇಕು?

ಇದಕ್ಕಿಂತ ದೊಡ್ಡದೊಂದನ್ನು ಮುಚ್ಚಿಟ್ಟಿದ್ದೀರಿ. ಕೊನೆಯ ಪುಟದ ನಡುವೆ, ಬ್ರಾಕೆಟ್ಟಿನೊಳಗೆ: 'ಮಗಳನ್ನು ಭಾನುವಾರದ ಕ್ಯಾಟಕಿಸಂ ಕ್ಲಾಸಿಗೆ ಬಿಟ್ಟು ನಾನು ಕಾರಿನಲ್ಲಿ ಕೂತಿರುತ್ತೇನೆ.' ಮಕ್ಕಳಿಗೆ ಧರ್ಮಪಾಠ ಹೇಳಿಕೊಡುವ ಕ್ಲಾಸು ಅದು. ನಿಮ್ಮ ಲೇಖನ ಶುರುವಾಗಬೇಕಾದದ್ದು ಇಲ್ಲಿ. ನೀವು ನಂಬುವುದಿಲ್ಲ. ಆದರೂ ಮಗಳಿಗೆ ಕಲಿಸಲು ಕಳಿಸುತ್ತೀರಿ. ಯಾಕೆ? ಅಮ್ಮನ ಕಣ್ಣೀರಿಗೆ ಹೆದರಿಯೇ? ಹೆಂಡತಿ ಹಟಕ್ಕೆ ಮಣಿದೇ? ಅಥವಾ ನಿಮಗೆ ಸಿಕ್ಕಿದ್ದ ಏನೋ ಒಂದು ಅವಳಿಗೆ ತಪ್ಪಿಹೋಗಬಾರದು ಎಂದೇ? ಮನೆಗೆ ಬರುವಾಗ ಅವಳು 'ಡ್ಯಾಡಿ, ನೀನ್ಯಾಕೆ ಒಳಗೆ ಬರಲ್ಲ' ಎಂದು ಕೇಳುವುದಿಲ್ಲವೇ? ಕೇಳಿಯೇ ಇರುತ್ತಾಳೆ. ನೀವು ಏನಂದಿರಿ? ಆ ಒಂದು ಗಂಟೆ ಕಾರಿನೊಳಗೆ ಮೊಬೈಲ್ ನೋಡುತ್ತೀರೋ, ಒಳಗಿನಿಂದ ಬರುವ ಮಕ್ಕಳ ಹಾಡಿಗೆ ಗೊತ್ತಿಲ್ಲದೆ ದನಿಗೂಡಿಸುತ್ತೀರೋ? ಕ್ವಾಯರಿನಲ್ಲಿ ಹಾಡಿದವರು ನೀವು.

'ನಾನೀಗ ಕ್ಯಾಥೊಲಿಕ್ ಅಲ್ಲ' ಎಂಬ ವಾಕ್ಯವನ್ನೂ ಇನ್ನೊಮ್ಮೆ ನೋಡಿ. ಚರ್ಚಿನ ಲೆಕ್ಕದಲ್ಲಿ ಒಮ್ಮೆ ದೀಕ್ಷಾಸ್ನಾನ ಆದರೆ ಅದನ್ನು ಅಳಿಸುವ ದಾರಿ ಇಲ್ಲ. ವಿಧಿಪೂರ್ವಕವಾಗಿ ಚರ್ಚು ಬಿಟ್ಟವರು ಎಂಬ ಮಾತು ಮದುವೆಯ ನಿಯಮಗಳಲ್ಲಿ ಇತ್ತು. 2009ರಲ್ಲಿ ಪೋಪ್ ಬೆನೆಡಿಕ್ಟ್ ಅದನ್ನೂ ತೆಗೆದುಹಾಕಿದರು. ನೀವು ಬಿಟ್ಟರೂ ಅವರು ನಿಮ್ಮನ್ನು ಬಿಟ್ಟಿಲ್ಲ. ಇದು ನಿಮಗೆ ಸಿಟ್ಟು ತರಿಸುತ್ತದೋ ಸಮಾಧಾನ ಕೊಡುತ್ತದೋ, ಪ್ರಾಮಾಣಿಕವಾಗಿ ಬರೆದರೆ ಅರ್ಧ ಪುಟಕ್ಕೆ ಸಾಕಾಗುವಷ್ಟಿದೆ.

ಒಂದು ವಾಕ್ಯ ಮಾತ್ರ ಕಡ್ಡಾಯವಾಗಿ ತೆಗೆಯಬೇಕು: ಮತಾಂತರದ ಬಗ್ಗೆ ಹಾದಿಯಲ್ಲಿ ಎಸೆದುಹೋದ ಆ ಒಂದು ಸಾಲು. ನೀವು ಕಣ್ಣಾರೆ ಕಂಡದ್ದು ಏನೂ ಅದರಲ್ಲಿಲ್ಲ, ಕೇಳಿದ ಮಾತು ಅಷ್ಟೇ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ಪ್ರಾರ್ಥನಾಲಯಗಳ ಮೇಲೆ ದಾಳಿ ಆದಾಗ ನೀವು ಊರಲ್ಲೇ ಇದ್ದಿರಿ ಎಂದು ಬರೆದಿದ್ದೀರಿ. 2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರದ ಮೇಲೆ ಕಾನೂನು ಬಂದದ್ದೂ ಗೊತ್ತು. ಇಲ್ಲಿ ಆ ಒಂದು ಸಾಲನ್ನು ಕತ್ತರಿಸಿ ಹಂಚುವವರು ಇದ್ದೇ ಇದ್ದಾರೆ. ನಿಮ್ಮ ಉಳಿದ ಮಾತು ಯಾರಿಗೂ ಬೇಕಾಗುವುದಿಲ್ಲ. ಹಾಗೆಂದು ಚರ್ಚಿನ ಟೀಕೆ ಬೇಡ ಎಂದು ನಾನು ಹೇಳುತ್ತಿಲ್ಲ. ನಿಮಗೆ ಆದದ್ದನ್ನು ಎಷ್ಟು ಖಾರವಾಗಿ ಬೇಕಾದರೂ ಬರೆಯಿರಿ, ಅದರ ಜೊತೆ ನಾನು ನಿಲ್ಲುತ್ತೇನೆ.

ಸಣ್ಣಪುಟ್ಟದ್ದು: 'ಅನಾದಿಕಾಲದಿಂದಲೂ ಮಾನವನು' ಎಂಬ ಮೊದಲ ಪ್ಯಾರಾ ಪೂರ್ತಿ ಹೋಗಲಿ. ಕೊನೆಯ ಕವಿತೆಯೂ ಹೋಗಲಿ. ಎರಡು ಸಾವಿರ ಪದ ಸಾಕು. ಪಾದ್ರಿಯ, ಊರ ಚರ್ಚಿನ ಗುರುತು ಸಿಗದ ಹಾಗೆ ಬರೆಯಿರಿ. ಮಗಳ ಹೆಸರು ಬೇಡ. ಅಮ್ಮ ಕನ್ನಡ ಓದುತ್ತಾರೆ ಎಂದು ಬರೆದಿದ್ದೀರಿ, ಹಾಗಾಗಿ ಅಚ್ಚಾಗುವ ಮೊದಲೇ ಅವರಿಗೆ ವಿಷಯ ನಿಮ್ಮ ಬಾಯಿಂದ ತಿಳಿದಿರಲಿ. ಅನುಮತಿ ಕೇಳಿ ಎಂದಲ್ಲ. ಪಕ್ಕದ ಮನೆಯವರು ತಂದು ತೋರಿಸುವ ಹಾಗೆ ಆಗಬಾರದು, ಅಲ್ವಾ?

ನನ್ನ ಕಡೆಯಿಂದ ಅವಸರವಿಲ್ಲ. ಆದರೆ ಮಗಳ ಫಸ್ಟ್ ಕಮ್ಯುನಿಯನ್, ಅಂದರೆ ಅವಳು ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳುವ ದಿನ, ಯಾವಾಗ ಎಂದು ತಿಳಿಸಿ. ಅದು ಮುಗಿದ ಮೇಲೆ ಬರೆದರೆ ಏನಾಯಿತು ಎಂದು ನಿಮಗೆ ಗೊತ್ತಿರುತ್ತದೆ, ಲೇಖನ ಜಾಣತನಕ್ಕೆ ಇಳಿಯುತ್ತದೆ. ಆ ದಿನ ಒಳಗೆ ಹೋಗುತ್ತೀರೋ ಇಲ್ಲವೋ ಎಂದು ನಿಮಗೇ ಗೊತ್ತಿಲ್ಲದಿರುವಾಗಲೇ ಬರೆದು ಕಳಿಸಿ.