ಪುಟ್ಟ ಚೆನ್ನಮ್ಮನಿಗೆ ಎಂಥ ಕತ್ತಿ?

ಪ್ರಶ್ನೆ: 10 ವರ್ಷದ ಮಗಳು ಶಾಲೆಯ ನಾಟಕದಲ್ಲಿ ಕಿತ್ತೂರು ಚೆನ್ನಮ್ಮ ಆಗಿದ್ದಾಳೆ. ಮೊಂಡು ಅಲಗಿನ ಕಬ್ಬಿಣದ ಕತ್ತಿ ತರಿಸಲೇ?
– ಒಬ್ಬ ತಾಯಿ, ಧಾರವಾಡ

ಉತ್ತರ: ಬೇಡಮ್ಮ. ಮೊಂಡಾದರೂ ಕಬ್ಬಿಣ ಕಬ್ಬಿಣವೇ. ನಾನು ನಾಟಕಗಳಿಗೆ ಸಾಮಾನು ಮಾಡಿಕೊಡುವವನು. ಒಮ್ಮೆ ಅಂಥದ್ದೇ ಕತ್ತಿ ಬೀಸುವಾಗ ಜಾರಿ, ಜೊತೆಯ ಹುಡುಗನ ಹುಬ್ಬಿಗೆ ನಾಲ್ಕು ಹೊಲಿಗೆ ಬಿತ್ತು. ಆಮೇಲೆ ಮಕ್ಕಳ ಕೈಗೆ ಕಬ್ಬಿಣ ಕೊಟ್ಟಿಲ್ಲ.

6 ಮಿಲಿಮೀಟರ್ ಪ್ಲೈವುಡ್ ಸಾಕು. ಎರಡಡಿ ಉದ್ದ, ಸ್ವಲ್ಪ ಬಾಗು. ತುದಿ, ಅಂಚು ಎಲ್ಲ ಸ್ಯಾಂಡ್‌ಪೇಪರ್‌ನಲ್ಲಿ ಚೆನ್ನಾಗಿ ಉಜ್ಜಿ ದುಂಡಗೆ ಮಾಡಿ. ಮೇಲೆ ಅಲ್ಯೂಮಿನಿಯಂ ಪೇಂಟ್. ದೀಪದ ಬೆಳಕಿಗೆ ಉಕ್ಕಿನ ಹಾಗೇ ಹೊಳೆಯುತ್ತದೆ.

ಹಿಡಿಯ ಕಡೆ ಜಾಸ್ತಿ ಗಮನ ಕೊಡಿ. ಎಷ್ಟೋ ಜನ ಶಿಲುಬೆಯಂಥ ವಿಲಾಯ್ತಿ ಹಿಡಿ ಮಾಡಿಬಿಡುತ್ತಾರೆ, ನನಗೆ ಹೊಟ್ಟೆ ಉರಿಯುತ್ತದೆ. ನಮ್ಮ ತಲ್ವಾರಿನ ಹಿಡಿಯ ತಲೆಗೆ ತಟ್ಟೆಯಂಥ ದುಂಡು ಬಿಲ್ಲೆ ಇರುತ್ತದೆ. ಅಗಲವಾದ ಡಬ್ಬಿ ಮುಚ್ಚಳ ಅಂಟಿಸಿ, ಹಿತ್ತಾಳೆ ಬಣ್ಣ ಹಚ್ಚಿ. ಹಿಡಿಗೆ ಹತ್ತಿ ದಾರ ಸುತ್ತಿ, ಬೆವರಿದರೂ ಜಾರುವುದಿಲ್ಲ.

1824ರ ಅಕ್ಟೋಬರ್ 23ರ ಗೆಲುವಿನ ದೃಶ್ಯ ಇರುತ್ತದೆ, ಅಲ್ವಾ? ಅದಕ್ಕೆ ಮೊದಲೇ ಒಂದು ವಾರ ಅದೇ ಕತ್ತಿಯಲ್ಲಿ ಅಭ್ಯಾಸ ಮಾಡಿಸಿ.