ಇಪ್ಪತ್ತಾರನೆಯ ಕುರ್ಚಿ ಯಾರದು?

ಮಾರ್ಚ್ ಮೂರನೇ ವಾರ ಕಳೆಯಿತೆಂದರೆ, ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ನೋಡುವ ನಮ್ಮವರ ಪ್ರಶ್ನೆಗಳೆಲ್ಲ ಒಂದೇ ಕಡೆಗೆ ತಿರುಗುತ್ತವೆ: ಬೆಂಚಿನಲ್ಲಿ ಯಾರು ಉಳಿದರು, ಯಾರು ಗಂಟುಮೂಟೆ ಕಟ್ಟಿದರು? ಬಂದ ಪತ್ರಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು. ಉಳಿದವುಗಳ ಅರ್ಧ ಉತ್ತರ ಅದರಲ್ಲೇ ಇದೆ.

ಮೊದಲ ಪತ್ರ: ನಾವು ಅರಿಜೋನಾದ ಚಾಂಡ್ಲರ್‌ನಲ್ಲಿದ್ದೇವೆ. ಮಗನ ಜತೆ ಸ್ಪ್ರಿಂಗ್ ಟ್ರೈನಿಂಗ್ (ಸೀಸನ್‌ಗೆ ಮುಂಚಿನ ತರಬೇತಿ ಶಿಬಿರ) ಪಂದ್ಯಗಳನ್ನು ನಾಲ್ಕೈದು ಸಲ ನೋಡಿದೆ. ಒಬ್ಬ ಹುಡುಗ ಬ್ಯಾಟ್ ಹಿಡಿದಾಗಲೆಲ್ಲ ಹಿಟ್. ಮೂವತ್ತೈದು ದಾಟಿದ ಇನ್ನೊಬ್ಬರು ಚೆಂಡಿಗೆ ತಡಕಾಡುತ್ತಿದ್ದರು. ಕೊನೆಗೆ ಹುಡುಗನನ್ನು ಕೆಳಹಂತದ ಮೈನರ್ ಲೀಗಿಗೆ ಕಳಿಸಿ ಹಿರಿಯರನ್ನು ಇಟ್ಟುಕೊಂಡರು. "ಇದು ಮೋಸ ಅಲ್ವಾ ಅಪ್ಪ?" ಅಂತ ಮಗ ಕೇಳುತ್ತಾನೆ. ಏನು ಹೇಳಲಿ?

ಮೋಸ ಅಲ್ಲ ಎನ್ನಿ. ಹಾಗಂತ ನ್ಯಾಯ ಎಂದೂ ಒಪ್ಪಿಕೊಳ್ಳಬೇಡಿ. ಇದು ಲೆಕ್ಕದ ಮಾತು. ಮಗನಿಗೆ ಒಂದು ಹಾಳೆ ಕೊಟ್ಟು 26 ಗೆರೆ ಎಳೆಯಲು ಹೇಳಿ. ತಂಡದ ಸಕ್ರಿಯ ರೋಸ್ಟರ್, ಅಂದರೆ ಪಂದ್ಯಕ್ಕೆ ಇಳಿಸಬಹುದಾದವರ ಪಟ್ಟಿ, ಅಷ್ಟೇ. ಅದರಲ್ಲಿ ಪಿಚರ್‌ಗಳು (ಬ್ಯಾಟರ್‌ಗೆ ಚೆಂಡು ಎಸೆಯುವವರು) 13ಕ್ಕಿಂತ ಹೆಚ್ಚಿರುವಂತಿಲ್ಲ. ತಂಡಗಳು ಆ ಹದಿಮೂರನ್ನೂ ತುಂಬಿಸಿಕೊಂಡೇ ಕೂರುತ್ತವೆ. ಉಳಿದ 13ರಲ್ಲಿ ದಿನಾ ಆಡುವವರು, ಡೆಸಿಗ್ನೇಟೆಡ್ ಹಿಟರ್ (ಪಿಚರ್ ಬದಲು ಬ್ಯಾಟ್ ಮಾತ್ರ ಮಾಡುವವನು) ಸೇರಿ, ಒಂಬತ್ತು ಜನ. ಬೆಂಚಿಗೆ ಉಳಿಯುವುದು ನಾಲ್ಕೇ ನಾಲ್ಕು ಕುರ್ಚಿ. ಆ ನಾಲ್ಕರಲ್ಲಿ ಒಂದು ಎರಡನೇ ಕ್ಯಾಚರ್‌ನದು (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು ಕ್ಯಾಚರ್), ಅದಕ್ಕೆ ಬೇರೆ ಯಾರೂ ಆಸೆಪಡುವಂತಿಲ್ಲ. ಇನ್ನೊಂದು, ಅಗತ್ಯ ಬಿದ್ದರೆ ಒಳಮೈದಾನದ ಕಠಿಣ ಜಾಗವಾದ ಶಾರ್ಟ್‌ಸ್ಟಾಪ್‌ನಲ್ಲಿ ನಿಲ್ಲಬಲ್ಲವನಿಗೆ. ಮತ್ತೊಂದು, ಹೊರಮೈದಾನದ ನಡುಭಾಗವಾದ ಸೆಂಟರ್ ಫೀಲ್ಡ್ ಕಾಯಬಲ್ಲವನಿಗೆ. ನಿಜವಾಗಿ ಖಾಲಿ ಇರುವುದು ಒಂದು. ಶಿಬಿರಕ್ಕೆ ಬಂದವರು ಅರವತ್ತರ ಆಸುಪಾಸು.

ಆ ಒಂದು ಕುರ್ಚಿಗೆ ಬ್ಯಾಟಿಗಿಂತ ಕಾಗದ ಮುಖ್ಯ. ಕ್ಲಬ್ಬಿಗೆ ಹಕ್ಕಿರುವ ನಲವತ್ತು ಜನರ ದೊಡ್ಡ ಪಟ್ಟಿಯೊಂದಿದೆ. ಆ ಪಟ್ಟಿಗೆ ಸೇರಿದ ಆಟಗಾರನನ್ನು ಸಾಮಾನ್ಯವಾಗಿ ಮೂರು ಸೀಸನ್‌ಗಳಲ್ಲಿ, ಯಾರ ಅಪ್ಪಣೆಯೂ ಇಲ್ಲದೆ, ಕೆಳಗೆ ಕಳಿಸಿ ಮೇಲೆ ಕರೆಸಿಕೊಳ್ಳಬಹುದು. ಇದಕ್ಕೆ ಆಪ್ಷನ್ ಎನ್ನುತ್ತಾರೆ. (2022ರಿಂದ ಒಂದೇ ಸೀಸನ್‌ನಲ್ಲಿ ಐದು ಸಲಕ್ಕಿಂತ ಹೆಚ್ಚು ಹೀಗೆ ಕಳಿಸುವಂತಿಲ್ಲ. ಅದಕ್ಕೂ ಮೊದಲು ಕೆಲವು ಹುಡುಗರ ಪಾಡು ಬಾವಿಯ ಬಿಂದಿಗೆಯದೇ ಆಗಿತ್ತು.) ಆಪ್ಷನ್ ಮುಗಿದವನನ್ನು ಕಳಿಸಬೇಕಾದರೆ ಮೊದಲು ವೇವರ್ಸ್‌ಗೆ ಹಾಕಬೇಕು, ಅಂದರೆ ಉಳಿದ 29 ತಂಡಗಳ ಮುಂದೆ ಇಟ್ಟು "ಬೇಕಾ?" ಎಂದು ಕೇಳಬೇಕು. ಯಾರಾದರೂ ಕೈ ಎತ್ತಿದರೆ ಅವನು ಅವರ ಪಾಲು. ಡಿಸೆಂಬರಿನ ರೂಲ್ 5 ಡ್ರಾಫ್ಟಿನಲ್ಲಿ ಬೇರೆ ತಂಡದಿಂದ 1,00,000 ಡಾಲರ್‌ಗೆ ಎತ್ತಿಕೊಂಡ ಹುಡುಗನದು ಇನ್ನೂ ಇಕ್ಕಟ್ಟು: ಅವನನ್ನು ಇಡೀ ಸೀಸನ್ 26ರಲ್ಲೇ ಇಟ್ಟುಕೊಳ್ಳಬೇಕು, ಬೇಡವೆಂದರೆ ವೇವರ್ಸ್ ದಾಟಿಸಿ, ಅರ್ಧ ಹಣಕ್ಕೆ ಹಳೆಯ ತಂಡಕ್ಕೆ ಮರಳಿಸಲು ಮುಂದಾಗಬೇಕು. ಇನ್ನು ಮೈನರ್ ಲೀಗ್ ಕರಾರಿನ ಮೇಲೆ ಶಿಬಿರಕ್ಕೆ ಬಂದ ಕೆಲವು ಅನುಭವಿಗಳಿಗೆ, ಸೀಸನ್‌ಗೆ ಐದು ದಿನ ಮೊದಲು "ಜಾಗ ಕೊಡಿ, ಇಲ್ಲ ಬಿಡಿ" ಎನ್ನುವ ಹಕ್ಕು ಇರುತ್ತದೆ.

ಈಗ ಮಗನನ್ನೇ ಕೇಳಿ. ಹುಡುಗನನ್ನು ಇಟ್ಟುಕೊಂಡರೆ ಹಿರಿಯರು ಕೈತಪ್ಪುತ್ತಾರೆ. ಹಿರಿಯರನ್ನು ಇಟ್ಟುಕೊಂಡರೆ ಹುಡುಗ ಮೈನರ್ ಲೀಗಿನ ಮೇಲ್ತುದಿಯಾದ ಟ್ರಿಪಲ್ ಎ ಮಟ್ಟದಲ್ಲಿ ಸಿದ್ಧವಾಗಿ ಕಾಯುತ್ತಾನೆ, ಇಬ್ಬರೂ ಮನೆಯಲ್ಲೇ ಉಳಿಯುತ್ತಾರೆ. 162 ಪಂದ್ಯದ ಸೀಸನ್‌ನಲ್ಲಿ ಯಾರದೋ ಮಂಡಿ, ಯಾರದೋ ಹೆಗಲು ಕೈಕೊಡುವುದು ಖಚಿತ. ನೀವು ತಂಡ ನಡೆಸುವವರಾದರೆ ಏನು ಮಾಡುತ್ತಿದ್ದಿರಿ?

"ಆದರೆ ಅವನು ಅಷ್ಟು ಹಿಟ್ ಹೊಡೆದನಲ್ಲ" ಎಂದು ಮಗ ಬಿಡುವುದಿಲ್ಲ, ಗೊತ್ತು. ಶಿಬಿರದ ಒಂದು ತಿಂಗಳಲ್ಲಿ ಒಬ್ಬ ಆಟಗಾರ ಸುಮಾರು 50 ಸಲ ಬ್ಯಾಟ್ ಮಾಡಿಯಾನು. ಅಲ್ಲಿ 0.250 ಸರಾಸರಿಗೂ (ನಾಲ್ಕು ಸಲಕ್ಕೆ ಒಂದು ಹಿಟ್) 0.310ಕ್ಕೂ ಇರುವ ಅಂತರ ಮೂರೇ ಹಿಟ್. ಒಂದು ಚೆಂಡು ಕಲ್ಲಿಗೆ ಬಡಿದು ಹಾರಿತು, ಇನ್ನೊಂದನ್ನು ಫೀಲ್ಡರ್ ಬಿಸಿಲಲ್ಲಿ ಕಾಣಲಿಲ್ಲ, ಮತ್ತೊಂದು ಏಳನೇ ಇನಿಂಗ್ಸಿನಲ್ಲಿ ಬಂದ ಎಳೆಯ ಪಿಚರ್ ಕೊಟ್ಟ ಉಡುಗೊರೆ. ಮೂರು ಆಗೇ ಹೋಯಿತು. ಹೆಸರಾಂತ ಪಿಚರ್ ಕೂಡ ಆ ದಿನಗಳಲ್ಲಿ ಔಟ್ ಮಾಡಲಿಕ್ಕೆ ಎಸೆಯುವುದಿಲ್ಲ. ಚಳಿಗಾಲದಲ್ಲಿ ಕಲಿತ ಹೊಸ ಎಸೆತ ಕೈಗೆ ಕೂತಿದೆಯೇ ಎಂದು ನೋಡಿಕೊಳ್ಳುತ್ತಿರುತ್ತಾನೆ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಬೆಂಚಿನಲ್ಲಿ ಕೂರುವುದೂ ಒಂದು ಕಸುಬು. ನಾಲ್ಕು ದಿನ ಸುಮ್ಮನಿದ್ದು, ಐದನೆಯ ದಿನ ಎಂಟನೇ ಇನಿಂಗ್ಸಿನಲ್ಲಿ ಎದ್ದು, ಗಂಟೆಗೆ 98 ಮೈಲಿ ವೇಗದ ಚೆಂಡಿಗೆ ಬ್ಯಾಟ್ ಬೀಸುವುದು ಇಪ್ಪತ್ತೆರಡರ ಹುಡುಗನಿಗೆ ಕಷ್ಟ. ಅವನು ದಿನಾ ನಾಲ್ಕು ಸಲ ಬ್ಯಾಟ್ ಮಾಡಬೇಕು, ತಪ್ಪಬೇಕು, ಮರುದಿನ ತಿದ್ದಿಕೊಳ್ಳಬೇಕು. ಯಕ್ಷಗಾನ ಮೇಳದಲ್ಲಿ ಯಾವ ವೇಷಧಾರಿ ಬರದಿದ್ದರೂ ಆ ವೇಷ ಕಟ್ಟಿ ರಂಗಕ್ಕೆ ಹೋಗಬಲ್ಲ ಹಳಬನೊಬ್ಬ ಇರುತ್ತಾನಲ್ಲ, ಬೆಂಚಿಗೆ ಬೇಕಾದವನು ಅವನು. ಪ್ರಧಾನ ವೇಷಕ್ಕೆಂದು ತಯಾರಾಗುತ್ತಿರುವ ಹುಡುಗನನ್ನು ಚೌಕಿಯಲ್ಲಿ ಕೂರಿಸಿ ಏನು ಪ್ರಯೋಜನ?

2025ರ ಲಾಸ್ ಏಂಜಲೀಸ್ ಡಾಡ್ಜರ್ಸ್ ಕಥೆಯನ್ನು ಮಗನಿಗೆ ಹೇಳಿ. ಕೊರಿಯಾದ ಹೇಸಂಗ್ ಕಿಮ್ ಅವರನ್ನು ಆ ಜನವರಿಯಲ್ಲಿ ಮೂರು ವರ್ಷಕ್ಕೆ 1.25 ಕೋಟಿ ಡಾಲರ್ ಕೊಟ್ಟು ತಂದರು. ಶಿಬಿರದಲ್ಲಿ ಸರಾಸರಿ 0.207. ತಂಡ ಸೀಸನ್ ಆರಂಭಿಸಲು ಟೋಕಿಯೊ ವಿಮಾನ ಹತ್ತುವ ಮೊದಲೇ ಅವರನ್ನು ಕೆಳಗೆ, ಒಕ್ಲಹೋಮ ಸಿಟಿಗೆ ಕಳಿಸಿದರು. ಅಲ್ಲಿ ಬ್ಯಾಟ್ ಬೀಸುವ ರೀತಿಯನ್ನೇ ಬದಲಿಸಿಕೊಂಡು, ಸೆಂಟರ್ ಫೀಲ್ಡಿನಲ್ಲೂ ನಿಂತು ಪಳಗಿದರು. ಮೇ 3ರಂದು ಟಾಮಿ ಎಡ್‌ಮನ್‌ಗೆ ಗಾಯವಾದಾಗ ಕರೆ ಬಂತು. ಎರಡು ವಾರದ ಬಳಿಕ ಎಡ್‌ಮನ್ ಮರಳಿದಾಗ ಯಾರನ್ನಾದರೂ ಬಿಡಲೇಬೇಕಿತ್ತು. ಬಿಟ್ಟದ್ದು ಕ್ರಿಸ್ ಟೇಲರ್ ಅವರನ್ನು. 2017ರ ನ್ಯಾಷನಲ್ ಲೀಗ್ ಅಂತಿಮ ಸರಣಿಯ ಶ್ರೇಷ್ಠ ಆಟಗಾರ ಪ್ರಶಸ್ತಿ ಹಂಚಿಕೊಂಡವರು, 6 ಕೋಟಿ ಡಾಲರ್‌ಗಳ ನಾಲ್ಕು ವರ್ಷದ ಕರಾರಿನ ಕೊನೆಯ ವರ್ಷದಲ್ಲಿದ್ದವರು. ಮಾರ್ಚಿನ ಪಟ್ಟಿಯಲ್ಲಿ ಟೇಲರ್ ಇದ್ದರು, ಕಿಮ್ ಇರಲಿಲ್ಲ. ಮೇ ಮುಗಿಯುವಷ್ಟರಲ್ಲಿ ಕಿಮ್ ಇದ್ದರು, ಟೇಲರ್ ಇರಲಿಲ್ಲ. ಕಿಮ್ 71 ಪಂದ್ಯ ಆಡಿ 0.280 ಸರಾಸರಿ ಗಳಿಸಿದರು. ಸೀಸನ್‌ನ ಮೊದಲ ದಿನದ ಪಟ್ಟಿ ಸಾಲಿಗ್ರಾಮವಲ್ಲ.

ಆದರೆ ಮಗನ ಗುಮಾನಿ ಪೂರಾ ಸುಳ್ಳೂ ಅಲ್ಲ. ಮೇಜರ್ ಲೀಗಿನಲ್ಲಿ 172 ದಿನ ಇದ್ದರೆ ಒಂದು ವರ್ಷದ ಸೇವೆ. ಆರು ವರ್ಷವಾದರೆ ಆಟಗಾರ ಬೇಕಾದ ತಂಡಕ್ಕೆ ಹೋಗಲು ಸ್ವತಂತ್ರ. 2015ರ ಶಿಬಿರದಲ್ಲಿ ಚಿಕಾಗೊ ಕಬ್ಸ್‌ನ ಕ್ರಿಸ್ ಬ್ರಯಂಟ್ ಒಂಬತ್ತು ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್ ಇದ್ದಂತೆ) ಹೊಡೆದರು. ಆದರೂ ಕೆಳಗೆ ಕಳಿಸಿ ಏಪ್ರಿಲ್ 17ಕ್ಕೆ ಕರೆಸಿದರು, ವರ್ಷದ ಸೇವೆಗೆ ಒಂದೇ ಒಂದು ದಿನ ಕಡಿಮೆ ಬೀಳುವ ಹಾಗೆ. ತಂಡಕ್ಕೆ ಅವರ ಮೇಲೆ ಇನ್ನೊಂದು ವರ್ಷದ ಹಿಡಿತ ಸಿಕ್ಕಿತು. ಬ್ರಯಂಟ್ ದೂರು ಕೊಟ್ಟರು, 2020ರಲ್ಲಿ ಸೋತರು. ನಿಯಮದ ಒಳಗೇ ಇದ್ದ ಕೆಲಸ, ಆದರೆ ನನ್ನ ಕಣ್ಣಿಗೆ ಇವತ್ತಿಗೂ ಚೆನ್ನಾಗಿ ಕಾಣುವುದಿಲ್ಲ. ಅಲ್ಲಿ ಮಾತ್ರ "ಹೌದು ಮಗ, ಇದು ಜಾಣತನದ ಮೋಸ" ಎಂದುಬಿಡಿ.

ಬೆಂಗಳೂರಿನಿಂದ: ನಾನು ಕ್ರಿಕೆಟ್ಟಿನವನು. ಹನ್ನೆರಡನೆಯವನು ನೀರು ತರುತ್ತಾನೆ, ಐಪಿಎಲ್‌ನಲ್ಲಿ ಇಂಪ್ಯಾಕ್ಟ್ ಪ್ಲೇಯರ್ ಬರುತ್ತಾನೆ. ಬೇಸ್‌ಬಾಲ್‌ನಲ್ಲಿ ಈಗ ಪಿಚರ್ ಬ್ಯಾಟ್ ಮಾಡುವುದೇ ಇಲ್ಲವಂತೆ. ಹಾಗಿದ್ದ ಮೇಲೆ ಬೆಂಚಿನವರಿಗೆ ಕೆಲಸವೇನು?

ನಿಮ್ಮ ಅನುಮಾನ ಸರಿ, ಕೆಲಸ ಕಡಿಮೆಯಾಗಿದೆ. 2022ರಿಂದ ಎರಡೂ ಲೀಗ್‌ಗಳಲ್ಲಿ ಡೆಸಿಗ್ನೇಟೆಡ್ ಹಿಟರ್ ಬಂದ ಮೇಲೆ, ಪಿಚರ್ ಬದಲು ಬ್ಯಾಟ್ ಮಾಡಲು ಎದ್ದುಹೋಗುವ ಪಿಂಚ್ ಹಿಟರ್‌ಗೆ ಹಳೆಯ ಬೇಡಿಕೆ ಇಲ್ಲ. ಆದರೆ ಒಂದು ವ್ಯತ್ಯಾಸ ಗಮನಿಸಿ. ಕಬಡ್ಡಿಯಲ್ಲಿ ಹೊರಹೋದವನು ಮತ್ತೆ ಬರಬಹುದು. ಬೇಸ್‌ಬಾಲ್‌ನಲ್ಲಿ ಒಮ್ಮೆ ಹೊರಟವನು ಆ ಪಂದ್ಯಕ್ಕೆ ಸತ್ತಂತೆ. 2025ರ ವರ್ಲ್ಡ್ ಸೀರೀಸ್‌ನ (ವರ್ಷದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಸರಣಿ) ಮೂರನೇ ಪಂದ್ಯ 18 ಇನಿಂಗ್ಸ್ ನಡೆಯಿತು. ಟೊರೊಂಟೊ ಬ್ಲೂ ಜೇಸ್ ಗೆಲುವಿನ ಆಸೆಯಿಂದ ಬೊ ಬಿಶೆಟ್, ಅಲೆಹಾಂಡ್ರೊ ಕರ್ಕ್ ಇಬ್ಬರ ಬದಲೂ ವೇಗದ ಓಟಗಾರರನ್ನು ಇಳಿಸಿತ್ತು. ಪಂದ್ಯ ಮುಗಿಯಲಿಲ್ಲ, ನಡುರಾತ್ರಿ ಅವರಿಬ್ಬರು ಬ್ಯಾಟ್ ಹಿಡಿಯಬೇಕಾದ ಜಾಗದಲ್ಲಿ ಬೆಂಚಿನವರು ನಿಂತಿದ್ದರು. ಡಾಡ್ಜರ್ಸ್ 6-5ರಿಂದ ಗೆದ್ದಿತು.

ಈಗ ಬೆಲೆ ಬಂದಿರುವುದು ಕಾಲಿಗೆ. 2023ರಲ್ಲಿ ಬೇಸ್‌ಗಳ (ಓಟಗಾರ ಒಂದೊಂದಾಗಿ ಮುಟ್ಟಬೇಕಾದ ಚೌಕಗಳು) ಅಗಲವನ್ನು 15 ಇಂಚಿನಿಂದ 18ಕ್ಕೆ ಏರಿಸಿದರು, ಪಿಚರ್ ಓಟಗಾರನನ್ನು ಬೆದರಿಸಲು ಮಾಡುವ ಪ್ರಯತ್ನಗಳಿಗೂ ಮಿತಿ ಹಾಕಿದರು. ಹಿಂದಿನ ವರ್ಷ 2,486 ಇದ್ದ ಕದ್ದ ಬೇಸ್‌ಗಳು (ಹಿಟ್‌ಗೆ ಕಾಯದೆ ಓಡಿ ಮುಂದಿನ ಬೇಸ್ ಮುಟ್ಟುವುದು) ಆ ವರ್ಷ 3,503ಕ್ಕೆ ಏರಿದವು. ಓಟವೊಂದೇ ಗೊತ್ತಿದ್ದರೂ ಸಾಕೇ? 1974ರಲ್ಲಿ ಓಕ್ಲೆಂಡ್ ತಂಡ ಹರ್ಬ್ ವಾಷಿಂಗ್ಟನ್ ಎಂಬ ಸ್ಪ್ರಿಂಟರ್‌ನನ್ನು ಓಡಲಿಕ್ಕೆಂದೇ ಇಟ್ಟುಕೊಂಡಿತ್ತು. ಮುಂದಿನ ವರ್ಷದ್ದೂ ಸೇರಿ ಒಟ್ಟು 105 ಪಂದ್ಯ ಆಡಿದರು, ಒಮ್ಮೆಯೂ ಬ್ಯಾಟ್ ಹಿಡಿಯಲಿಲ್ಲ. 1974ರ ವರ್ಲ್ಡ್ ಸೀರೀಸ್‌ನಲ್ಲಿ ಒಂಬತ್ತನೇ ಇನಿಂಗ್ಸಿನಲ್ಲಿ ಮೊದಲ ಬೇಸಿನಲ್ಲೇ ಮೈಮರೆತು ಔಟಾದರು. ಕಾಲಿನ ಜತೆ ಆಟದ ಬುದ್ಧಿಯೂ ಬೇಕು.

ಬುದ್ಧಿಯೂ ಇದ್ದರೆ? 2004ರ ಅಕ್ಟೋಬರ್ 17. ಬಾಸ್ಟನ್ ರೆಡ್ ಸಾಕ್ಸ್ ಸರಣಿಯಲ್ಲಿ 0-3, ಪಂದ್ಯದಲ್ಲಿ 3-4 ಹಿಂದೆ, ಒಂಬತ್ತನೇ ಇನಿಂಗ್ಸ್, ಎದುರಿಗೆ ಯಾಂಕೀಸ್‌ನ ಮರಿಯಾನೊ ರಿವೇರಾ. ಬೆಂಚಿನಿಂದ ಎದ್ದು ಬಂದ ಡೇವ್ ರಾಬರ್ಟ್ಸ್ ಎರಡನೇ ಬೇಸ್ ಕದ್ದರು; ಇದು ಕ್ರೀಡಾಂಗಣದಲ್ಲಿದ್ದ ಪ್ರತಿಯೊಬ್ಬರಿಗೂ ಮೊದಲೇ ಗೊತ್ತಿತ್ತು, ಆದರೂ ಕದ್ದರು. ಮುಂದಿನ ಹಿಟ್‌ಗೆ ಪಂದ್ಯ ಸಮ. ಆ ಸರಣಿಯನ್ನೂ ಗೆದ್ದು, 86 ವರ್ಷದ ಬಳಿಕ ವರ್ಲ್ಡ್ ಸೀರೀಸ್ ಕೂಡ ಬಾಸ್ಟನ್‌ಗೆ ಬಂತು. ಅದೇ ರಾಬರ್ಟ್ಸ್ ಇಂದು ಡಾಡ್ಜರ್ಸ್ ಮ್ಯಾನೇಜರ್. 2025ರ ಅಕ್ಟೋಬರಿನಲ್ಲಿ ಫಿಲಡೆಲ್ಫಿಯಾ ವಿರುದ್ಧದ ಸರಣಿಯ ನಾಲ್ಕನೇ ಪಂದ್ಯ, 11ನೇ ಇನಿಂಗ್ಸ್. ಎಡ್‌ಮನ್ ಬದಲು ಓಡಲು ಅವರು ಕಳಿಸಿದ್ದು ಮೇಲೆ ಹೇಳಿದ ಕಿಮ್ ಅವರನ್ನೇ. ಪಿಚರ್ ಗಾಬರಿಯಲ್ಲಿ ಎಸೆದ ಚೆಂಡು ಅಡ್ಡ ಹೋಯಿತು, ಕಿಮ್ ಮನೆ (ಹೋಮ್ ಬೇಸ್) ಮುಟ್ಟಿದರು, ಸರಣಿ ಮುಗಿಯಿತು.

ನ್ಯೂಜೆರ್ಸಿಯಿಂದ: ನನಗೆ ಎರಡನೇ ಕ್ಯಾಚರ್‌ಗಳನ್ನು ಕಂಡರೆ ಅಯ್ಯೋ ಅನ್ನಿಸುತ್ತದೆ. ವಾರಕ್ಕೊಮ್ಮೆ ಆಟ. ಉಳಿದ ದಿನ ಪಿಂಚ್ ಹಿಟರ್ ಆಗಿಯೂ ಕರೆಯುವುದಿಲ್ಲವಲ್ಲ, ಯಾಕೆ?

ಭಯ, ಮೇಡಂ. ಅವರನ್ನು ಬ್ಯಾಟಿಗೆ ಕಳಿಸಿದ ಮೇಲೆ ಮೊದಲ ಕ್ಯಾಚರ್‌ಗೆ ಚೆಂಡು ಬಡಿದು ಬೆರಳು ಮುರಿದರೆ ಆ ಜಾಗದಲ್ಲಿ ಕೂರಲು ಮನುಷ್ಯನೇ ಇರುವುದಿಲ್ಲ. ಅದಕ್ಕೇ ಅವರು ಮನೆಯ ಅಟ್ಟದ ಮೇಲಿನ ಕಂದೀಲು. ಕರೆಂಟು ಹೋಗುವವರೆಗೂ ಯಾರಿಗೂ ನೆನಪಿಲ್ಲ. ಹಾಗೆಂದು ಅಯ್ಯೋ ಅನ್ನಬೇಡಿ. ಎದುರಾಳಿ ಬ್ಯಾಟರ್‌ಗಳ ದೌರ್ಬಲ್ಯ ಓದುವುದು, ಪಿಚರ್‌ಗಳ ಮನಸ್ಸು ಹಿಡಿಯುವುದು ಅವರ ದಿನನಿತ್ಯದ ಕೆಲಸ. ಆಸ್ಟಿನ್ ಬಾರ್ನ್ಸ್ ಬ್ಯಾಟಿನಲ್ಲಿ ಅಷ್ಟೇನೂ ಅಲ್ಲದಿದ್ದರೂ 2015ರಿಂದ ಡಾಡ್ಜರ್ಸ್‌ನಲ್ಲಿ ಹತ್ತು ವರ್ಷ ಉಳಿದದ್ದು ಹೀಗೇ. 2025ರ ಮೇ ತಿಂಗಳಲ್ಲಿ ಅವರನ್ನು ಬಿಟ್ಟು, ಕೆಳಗೆ ಭರ್ಜರಿಯಾಗಿ ಆಡುತ್ತಿದ್ದ ಡಾಲ್ಟನ್ ರಶಿಂಗ್‌ರನ್ನು ಕರೆಸಿದರು. ಆಗೊಂದು ಈಗೊಂದು ಪಂದ್ಯ ಆಡುತ್ತಾ ರಶಿಂಗ್ ಸರಾಸರಿ 0.204ಕ್ಕೆ ನಿಂತಿತು. ಕೂರುವುದು ಕಸುಬು ಎಂದೆನಲ್ಲ, ಅದಕ್ಕೆ ಇದು ಸಾಕ್ಷಿ. ಕಿಮ್‌ಗೆ ಮಾತ್ರ ಅದು ಬೇಗ ಒಗ್ಗಿತು, ಎಲ್ಲರಿಗೂ ಹಾಗಲ್ಲ.

ಮೈಸೂರಿನ ವಿದ್ಯಾರ್ಥಿ: 26ರಲ್ಲಿ ಕೊನೆಯವನಿಗೂ ಸ್ಟಾರ್ ಆಟಗಾರನ ಹಾಗೆ ದುಡ್ಡು ಸಿಗುತ್ತದೆಯೇ? ಕೊನೆಯ ವಾರದಲ್ಲಿ ಏನನ್ನು ಗಮನಿಸಬೇಕು?

ಸ್ಟಾರ್ ಹಾಗಲ್ಲ, ಆದರೆ ಕಡಿಮೆಯೂ ಅಲ್ಲ. ಕನಿಷ್ಠ ಸಂಬಳ 2025ರಲ್ಲಿ 7,60,000 ಡಾಲರ್, 2026ಕ್ಕೆ 7,80,000. ಮೇಲಿದ್ದ ದಿನಗಳ ಲೆಕ್ಕದಲ್ಲಿ ಕೊಡುತ್ತಾರೆ, ದಿನಕ್ಕೆ ನಾಲ್ಕು ಸಾವಿರ ಡಾಲರ್ ದಾಟುತ್ತದೆ. ಟ್ರಿಪಲ್ ಎ ಮಟ್ಟದಲ್ಲಿ, ನಲವತ್ತರ ಪಟ್ಟಿಯಲ್ಲಿಲ್ಲದವನಿಗೆ 2023ರ ಒಪ್ಪಂದದಂತೆ ಆ ವರ್ಷ ಕನಿಷ್ಠ 35,800 ಡಾಲರ್ ಇತ್ತು. ಮೇಲೆ 43 ದಿನ ಕಳೆದರೆ ಪಿಂಚಣಿಗೂ ಅರ್ಹತೆ. ಚಾಂಡ್ಲರ್‌ನ ಆ ಹಿರಿಯರು ಯಾಕೆ ಚೆಂಡಿಗೆ ತಡಕಾಡುತ್ತಲೂ ಬ್ಯಾಟ್ ಬಿಡುವುದಿಲ್ಲ ಎಂಬುದಕ್ಕೂ ಇಲ್ಲೇ ಉತ್ತರವಿದೆ.

ಕೊನೆಯ ವಾರದಲ್ಲಿ ಸರಾಸರಿ ನೋಡಬೇಡಿ, ಮೂರು ಸುದ್ದಿ ನೋಡಿ. ಯಾರ ಆಪ್ಷನ್ ಮುಗಿದಿದೆ? ಯಾರನ್ನು 60 ದಿನದ ಗಾಯಾಳು ಪಟ್ಟಿಗೆ ಹಾಕಿದರು? (ಅಲ್ಲಿಗೆ ಹೋದವನು ನಲವತ್ತರ ಲೆಕ್ಕದಿಂದ ಹೊರಗೆ, ಹೊರಗಿನವನಿಗೊಂದು ಬಾಗಿಲು ತೆರೆಯಿತು.) ಬೇರೆ ತಂಡಗಳು ವೇವರ್ಸ್‌ಗೆ ಯಾರನ್ನು ಹಾಕುತ್ತಿವೆ? ಶಿಬಿರದಲ್ಲಿ ತಿಂಗಳಿಡೀ ಹೊಡೆದಾಡಿದ ಇಬ್ಬರಲ್ಲಿ ಯಾರಿಗೂ ಸಿಗದೆ, ಆ ಕುರ್ಚಿ ಹಿಂದಿನ ರಾತ್ರಿ ಇನ್ನೊಂದು ಊರಿನಿಂದ ಬಂದ ಮೂರನೆಯವನಿಗೆ ಹೋಗುವುದುಂಟು.

ಅಂದಹಾಗೆ, 2025ರ ನವೆಂಬರ್ 1ರಂದು ಟೊರೊಂಟೊದಲ್ಲಿ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ. ಒಂಬತ್ತನೇ ಇನಿಂಗ್ಸಿನಲ್ಲಿ ಡಾಡ್ಜರ್ಸ್ 3-4 ಹಿಂದಿದ್ದಾಗ ಸಮಬಲದ ಹೋಮ್ ರನ್ ಹೊಡೆದವರು 36 ವರ್ಷದ ಮಿಗೆಲ್ ರೋಹಾಸ್, ಆ ಸೀಸನ್ನಿಡೀ ಅಲ್ಲಿ ಇಲ್ಲಿ ನಿಂತು ಕೆಲಸ ತೂಗಿಸಿದವರು. ಅದೇ ಇನಿಂಗ್ಸಿನ ಕೆಳಭಾಗದಲ್ಲಿ ಫೀಲ್ಡಿಂಗ್‌ಗೆಂದು ಬೆಂಚಿನಿಂದ ಕಳಿಸಿದ ಆಂಡಿ ಪಾಹೆಸ್, ಜತೆಯವನಿಗೆ ಡಿಕ್ಕಿ ಹೊಡೆದೂ ಕ್ಯಾಚ್ ಹಿಡಿದು ಪಂದ್ಯ ಉಳಿಸಿದರು. 11ನೇ ಇನಿಂಗ್ಸಿನಲ್ಲಿ 5-4ರಿಂದ ಕಪ್ ಗೆದ್ದ ಗಳಿಗೆಯಲ್ಲಿ, ರೋಹಾಸ್ ಬದಲು ಎರಡನೇ ಬೇಸಿನ ಬಳಿ ನಿಂತಿದ್ದವರು ಮಾರ್ಚಿನಲ್ಲಿ ಒಕ್ಲಹೋಮಕ್ಕೆ ಹೋದ ಕಿಮ್.