ಪಾಪಗಳ ನೋಟ್‌ಬುಕ್

ಲೋಕದ ಕೊನೆಯಲ್ಲಿ ದೇವರು ಕೊಡುವ ನ್ಯಾಯತೀರ್ಪಿನ ಭಯ ಹೊತ್ತು ಸಲಹೆಗೆ ನನ್ನ ಹತ್ತಿರ ಬರುವವರು ಕೊರೊನಾ ಆದಮೇಲೆ ಜಾಸ್ತಿಯಾಗಿದ್ದಾರೆ. ಬಹುಪಾಲು ಗಟ್ಟಿ ವಿಶ್ವಾಸಿಗಳೇ. ಭಾನುವಾರದ ಆರಾಧನೆ ತಪ್ಪಿಸದವರು, ಆದಾಯದಲ್ಲಿ ದಶಮಾಂಶ ಸಭೆಗೆ ಕೊಡುವವರು, ಉಪವಾಸ ಪ್ರಾರ್ಥನೆಗೆ ಎಲ್ಲರಿಗಿಂತ ಮೊದಲು ಬಂದು ಕೂರುವವರು. ರಾತ್ರಿ ಮೊಬೈಲಿನಲ್ಲಿ ಕಡೇ ದಿನಗಳ ಪ್ರಸಂಗ ಕೇಳುತ್ತಾರೆ, ಆಮೇಲೆ ನಿದ್ದೆ ಬರುವುದಿಲ್ಲ. ಅಂಥವರಲ್ಲಿ ಒಬ್ಬರ ವಿಷಯವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಆಕೆ ನರ್ಸ್. ಇಬ್ಬರು ಮಕ್ಕಳು, ಗಂಡನಿಗೆ ಬೇರೆ ಊರಲ್ಲಿ ಕೆಲಸ. ನೈಟ್ ಡ್ಯೂಟಿ ಮುಗಿಸಿ ಬಂದು ಬೆಲ್ ಮಾಡಿದಾಗ ಒಳಗಿಂದ ಸದ್ದು ಬರದಿದ್ದರೆ ಸಾಕು, ಕರ್ತನಾದ ಯೇಸು ಬಂದುಹೋಗಿದ್ದಾನೆ, ಮಕ್ಕಳು, ಅಮ್ಮ ಎಲ್ಲರೂ ಪರಲೋಕಕ್ಕೆ ಎತ್ತಲ್ಪಟ್ಟಿದ್ದಾರೆ, ನಾನೊಬ್ಬಳೇ ಉಳಿದುಬಿಟ್ಟೆ ಅಂತ ಕೈಕಾಲು ನಡುಗುತ್ತಿತ್ತು. ಬ್ಯಾಗಿನಲ್ಲಿ ಒಂದು ನೋಟ್‌ಬುಕ್ ಇರುತ್ತಿತ್ತು. ದಿನದಿನದ ಪಾಪ ಅದರಲ್ಲಿ. ಮಗನಿಗೆ ರೇಗಿದ್ದು, ಅತ್ತೆಯ ಮೇಲೆ ಮನಸ್ಸಿನಲ್ಲೇ ಸಿಟ್ಟು ಮಾಡಿಕೊಂಡಿದ್ದು, ಪ್ರಾರ್ಥನೆಯ ನಡುವೆ ತೂಕಡಿಸಿದ್ದು. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 20ನೇ ಅಧ್ಯಾಯದಲ್ಲಿ, ತೀರ್ಪಿನ ದಿನ ಪುಸ್ತಕಗಳು ತೆರೆಯಲ್ಪಡುತ್ತವೆ ಅಂತಿದೆಯಲ್ಲ, ಅಲ್ಲಿ ಓದುವ ಮೊದಲು ಇಲ್ಲೇ ಎಲ್ಲ ಬರೆದು ಕ್ಷಮೆ ಕೇಳಿಬಿಡಬೇಕು ಅನ್ನುವುದು ಆಕೆಯ ಲೆಕ್ಕ. ಒಂದು ಬಿಟ್ಟುಹೋದರೂ ಗತಿ ಇಲ್ಲ ಅಂತ ಎದ್ದೆದ್ದು ಬರೆಯುತ್ತಿದ್ದರು.

ಮೊದಲಿನ ಭೇಟಿಗಳಲ್ಲಿ ನಾನು ಹೆಚ್ಚು ಮಾತಾಡಲಿಲ್ಲ, ಕೇಳಿಸಿಕೊಂಡೆ. ಆಮೇಲೊಂದು ದಿನ ಆ ಅಧ್ಯಾಯದ 12ನೇ ವಾಕ್ಯವನ್ನು ಜೋರಾಗಿ ಓದಿ ಅಂದೆ. ಓದಿದರು. ಅಲ್ಲಿ ಕೃತ್ಯಗಳನ್ನು ಬರೆದ ಪುಸ್ತಕಗಳ ಜೊತೆ ಇನ್ನೊಂದು ಪುಸ್ತಕವೂ ತೆರೆಯುತ್ತದೆ, ಜೀವದ ಪುಸ್ತಕ. "ಇದರ ಬಗ್ಗೆ ಪ್ರಸಂಗದಲ್ಲಿ ಏನು ಹೇಳಿದರು?" ಅಂದೆ. ಆಕೆಗೆ ಒಂದೂ ನೆನಪಿಗೆ ಬರಲಿಲ್ಲ.

ಆಮೇಲೆ ಮತ್ತಾಯ 25 ತೆರೆಸಿದೆ, ಕುರಿಗಳನ್ನೂ ಆಡುಗಳನ್ನೂ ಬೇರೆ ಮಾಡುವ ಭಾಗ. ಅದು ಗೊತ್ತಿರುವುದೇ ಅಲ್ವಾ ಮೇಡಂ ಅಂದರು. ಗೊತ್ತಿದ್ದರೂ ನಿಧಾನವಾಗಿ ಓದಿ ಅಂದೆ. ಹಸಿದಿದ್ದೆ, ಊಟ ಕೊಟ್ಟಿರಿ. ಕಾಯಿಲೆ ಬಿದ್ದಿದ್ದೆ, ನೋಡಿಕೊಂಡಿರಿ ಅಂತ ಅರಸನು ಹೇಳಿದಾಗ ನೀತಿವಂತರು ಸ್ವಾಮೀ, ಅದೆಲ್ಲ ಯಾವಾಗ ಮಾಡಿದೆವು ಅಂತ ಕೇಳುತ್ತಾರಲ್ಲ, ಅಲ್ಲಿಗೆ ಬಂದು ಆಕೆ ನಿಂತರು. ಮತ್ತೆ ಓದಿದರು.

"ಇವರಿಗೆ ಗೊತ್ತೇ ಇಲ್ಲ ಮೇಡಂ."

"ಏನು ಗೊತ್ತಿಲ್ಲ?"

"ತಾವು ಮಾಡಿದ್ದು. ಇವರು ಏನೂ ಬರೆದಿಟ್ಟುಕೊಂಡಿಲ್ಲ."

ಸ್ವಲ್ಪ ಹೊತ್ತು ಬಿಟ್ಟು, ನಿನ್ನೆ ರಾತ್ರಿ ವಾರ್ಡಿನಲ್ಲಿ ಏನೇನು ಮಾಡಿದಿರಿ ಅಂತ ಕೇಳಿದೆ. ದಿಕ್ಕಿಲ್ಲದ ಒಬ್ಬ ಅಜ್ಜನಿಗೆ ಮೈ ಒರೆಸಿ ಬೇರೆ ಹಾಸಿಗೆಬಟ್ಟೆ ಹಾಕಿದ್ದನ್ನು ಹೇಳಿದರು, ಹೇಳುತ್ತಲೇ "ಅದು ಡ್ಯೂಟಿ ಬಿಡಿ" ಅಂದರು. ಅದು ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಇರಬೇಕು ಅಂತಲೂ ನಾನು ಹೇಳಲಿಲ್ಲ, ಹೇಳಿದ್ದರೆ ಪುಣ್ಯದ ಇನ್ನೊಂದು ಪಟ್ಟಿ ಶುರುವಾಗುತ್ತಿತ್ತು ಅಷ್ಟೆ.

ನಾನು ಕೊಟ್ಟ ಸಲಹೆ ಹೀಗಿತ್ತು. ನೋಟ್‌ಬುಕ್ ನಿಲ್ಲಿಸಿ. ಭಾನುವಾರ ಸಭೆಯ ಜೊತೆ ಪಾಪ ಅರಿಕೆ ಮಾಡಿ, ಕ್ಷಮೆಯ ಮಾತು ಕೇಳಿ, ಅದನ್ನು ಅಲ್ಲೇ ಬಿಟ್ಟುಬನ್ನಿ. ರಾತ್ರಿ ಪ್ರಸಂಗದ ವಿಡಿಯೋ ಬೇಡ. ಪ್ರವಾದನೆ ಓದುವುದಾದರೆ ಒಂದು ವಾಕ್ಯ ಹಿಡಿದು ಓದಬೇಡಿ, ಅಧ್ಯಾಯ ಪೂರ್ತಿ ಓದಿ. ಮನೋವೈದ್ಯರನ್ನೂ ನೋಡಿ. ಅವರು ಇದನ್ನು ಗೀಳು ಅಂತ ಗುರುತಿಸಿ ಮಾತ್ರೆ ಶುರುಮಾಡಿದರು.

ಇದಕ್ಕೆ ಆಕೆಯ ಪ್ರಾರ್ಥನಾ ಗುಂಪಿನಲ್ಲಿ ಆಕ್ಷೇಪ ಬಂತು. ದೇವಭಯವನ್ನೇ ಮಾತ್ರೆ ಕೊಟ್ಟು ಕಳೆಯುತ್ತೀರಾ, ತೀರ್ಪು ಇಲ್ಲ ಅನ್ನುತ್ತೀರಾ ಅಂತ. ನಾನು ಹಾಗೆ ಯಾರಿಗೂ ಹೇಳಿಲ್ಲ. ತೀರ್ಪು ಇದೆ ಅಂತ ನಂಬುವವಳು ನಾನು. ಬಡವರ ಕೂಲಿ ನುಂಗಿದವರಿಗೆ, ಮಕ್ಕಳನ್ನು ಹಿಂಸಿಸಿದವರಿಗೆ ಯಾರೂ ಲೆಕ್ಕ ಕೇಳುವುದೇ ಇಲ್ಲ ಅಂದರೆ ಅದು ಸುವಾರ್ತೆ ಹೇಗಾಗುತ್ತದೆ? ಆದರೆ ಕೊರಿಂಥದವರಿಗೆ ಬರೆದ ಮೊದಲ ಪತ್ರದ 3ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲನು ತೀರ್ಪಿನ ಬೆಂಕಿಯ ಬಗ್ಗೆ ಏನು ಬರೆದಿದ್ದಾನೆ ನೋಡಿ. ಬೆಂಕಿ ಒಬ್ಬೊಬ್ಬನ ಕೆಲಸವನ್ನು ಪರೀಕ್ಷಿಸುತ್ತದೆ, ಹುಲ್ಲು ಕಡ್ಡಿಯಂಥದ್ದು ಸುಟ್ಟುಹೋಗುತ್ತದೆ, ಆ ಮನುಷ್ಯನು ಮಾತ್ರ ಉಳಿಯುತ್ತಾನೆ, ಬೆಂಕಿ ದಾಟಿ ಬಂದವನ ಹಾಗೆ. ಕ್ರಿಸ್ತನೆಂಬ ಅಸ್ತಿವಾರದ ಮೇಲೆ ನಿಂತವರ ವಿಷಯ ಅದು. ನಾವು ಶುದ್ಧರಾಗಿ ಮಾರ್ಪಡುವುದೂ ಹಾಗೆಯೇ. ಅದೇ ಪತ್ರದ 15ನೇ ಅಧ್ಯಾಯದಲ್ಲಿ ನಾವೆಲ್ಲರೂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮಾರ್ಪಡುತ್ತೇವೆ ಅಂತಿದೆ, ಎರಡನೇ ಪತ್ರದ 3ರಲ್ಲಿ ಈಗಲೇ ಹಂತಹಂತವಾಗಿ ಮಾರ್ಪಡುತ್ತಿದ್ದೇವೆ ಅಂತಿದೆ. ಎರಡನ್ನೂ ಮಾಡುವವನು ದೇವರು. ರಾತ್ರಿ ಎರಡು ಗಂಟೆಗೆ ಎದ್ದು ಪಟ್ಟಿ ಬರೆದು ನಮ್ಮನ್ನು ನಾವೇ ಶುದ್ಧ ಮಾಡಿಕೊಳ್ಳಬೇಕು ಅಂತ ಎಲ್ಲೂ ಇಲ್ಲ.

ಈ ಗಾಬರಿ ಹೊಸದೂ ಅಲ್ಲ. ಕರ್ತನ ದಿನ ಬಂದೇಬಿಟ್ಟಿತು ಅಂತ ಥೆಸಲೋನಿಕದ ಆದಿ ಕ್ರೈಸ್ತರು ಕಂಗಾಲಾಗಿದ್ದರು. ಬೇಗ ಗಾಬರಿಪಡಬೇಡಿ, ನೆಮ್ಮದಿಯಾಗಿ ಕೆಲಸ ಮಾಡಿ ನಿಮ್ಮ ಅನ್ನ ತಿನ್ನಿ ಅಂತ ಪೌಲನು ಅವರಿಗೆ ಎರಡನೇ ಪತ್ರದಲ್ಲಿ ಬರೆಯಬೇಕಾಯಿತು. ಅಮೆರಿಕದಲ್ಲಿ ಬೋಧಕ ವಿಲಿಯಂ ಮಿಲ್ಲರ್ ಅವರ ಹಿಂಬಾಲಕರು ಕ್ರಿಸ್ತನು ಬರುತ್ತಾನೆ ಅಂತ 1844ರ ಅಕ್ಟೋಬರ್ 22ಕ್ಕೆ ಕಾದು ಕುಳಿತರು. ಆ ದಿನ 2011ರ ಮೇ 21 ಅಂತ ಅಲ್ಲಿನದೇ ರೇಡಿಯೋ ಬೋಧಕ ಹ್ಯಾರಲ್ಡ್ ಕ್ಯಾಂಪಿಂಗ್ ಸಾರಿದರು. ಎರಡು ದಿನಗಳೂ ಸುಮ್ನೆ ಕಳೆದುಹೋದವು, ನಂಬಿದವರು ಒಡೆದುಹೋದರು. ಆ ದಿನ ಯಾರಿಗೂ ತಿಳಿಯದು ಅಂತ ಮಾರ್ಕ 13ರಲ್ಲಿ ಯೇಸುವೇ ಹೇಳಿದ ಮೇಲೂ ತಾರೀಖು ಹೇಳುವವರಿಗೆ ಕಿವಿಗೊಡುವುದನ್ನು ನಾವು ನಿಲ್ಲಿಸಿಲ್ಲ.

ಪ್ರಸಂಗ ಮಾಡುವ ಪಾಸ್ಟರ್‌ಗಳಲ್ಲಿ ನನ್ನ ಕೋರಿಕೆ ಇದು. ತೀರ್ಪಿನ ಬಗ್ಗೆ ಖಂಡಿತ ಬೋಧಿಸಿ. ಆದರೆ ನಿಮ್ಮ ಮುಂದೆ ಕೂತವರಲ್ಲಿ ಮೊದಲೇ ತಮ್ಮನ್ನು ತಾವು ಶಿಕ್ಷಿಸಿಕೊಳ್ಳುತ್ತಿರುವವರು ಇರುತ್ತಾರೆ. ಗದರಿಸಬೇಕಾದವರಿಗೆ ನಿಮ್ಮ ಮಾತು ತಾಗುವುದೇ ಇಲ್ಲ, ಇವರಿಗೆ ಮಾತ್ರ ನಾಟುತ್ತದೆ.

ಆಕೆಗೆ ಈಗಲೂ ಒಮ್ಮೊಮ್ಮೆ ಬಾಗಿಲಲ್ಲಿ ಎದೆ ಹೊಡೆದುಕೊಳ್ಳುತ್ತದಂತೆ, ಆದರೆ ಪೂರ್ತಿ ನಿದ್ದೆ ಮಾಡುತ್ತಿದ್ದಾರೆ. ಮಾತ್ರೆ ಮುಂದುವರಿದಿದೆ. ಇಂಥ ಭಯ ನಿಮ್ಮ ಮನೆಯಲ್ಲಿ ಯಾರಿಗಾದರೂ ಇದ್ದರೆ ಪ್ರಾರ್ಥನೆಯ ಜೊತೆಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೂ ಫೋನ್ ಮಾಡಿ, ನಂಬರ್ 14416. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.